ಬೀದಿಯ ಬರಹವೂ ಛಾಯಾಚಿತ್ರವೂ: ಕುರ್ತಕೋಟಿಯ ತಾಮ್ರಪಟದಿಂದ ಅಂಗಡಿಯ ಹಲಗೆಯವರೆಗೆ

ಶಾಸನವೆಂಬ ಶಬ್ದವು ‘ಶಾಸ್’ ಧಾತುವಿನಿಂದ ಹುಟ್ಟಿದುದು. ಆಜ್ಞಾಪಿಸುವುದು, ತಿಳಿಯಹೇಳುವುದು ಎಂಬುದು ಅದರ ಅರ್ಥ. ಕಲ್ಲಿನ ಮೇಲೆ ಕೊರೆದುದರಿಂದ ಬರಹಕ್ಕೆ ಈ ಹೆಸರು ಬಂದುದಲ್ಲ. ಹತ್ತು ಮಂದಿಯ ಕಣ್ಣಿಗೆ ಬೀಳುವಂತೆ ನಿಲ್ಲಿಸಿ, ಅವರಿಗೆ ಒಂದು ವಿಷಯವನ್ನು ತಿಳಿಸಿದುದರಿಂದ ಬಂದುದು. ಹೀಗೆ ನೋಡಿದರೆ ಊರಿನ ಅಗಸೆಯ ಬಳಿಯ ಶಿಲಾಲೇಖಕ್ಕೂ, ಅದರ ಎದುರಿನ ಕಿರಾಣಿ ಅಂಗಡಿಯ ಹಲಗೆಗೂ ಕುಲ ಒಂದೇ. ಆದರೂ ಮೊದಲನೆಯದಕ್ಕೆ ವಿದ್ವಾಂಸರು ಕೈಮುಗಿಯುತ್ತಾರೆ. ಎರಡನೆಯದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಈ ಉಪೇಕ್ಷೆಯಿಂದ ಚರಿತ್ರೆಯ ಒಂದು ಸಾಧನವು ನಾಶವಾಗುತ್ತಿರುವುದೆಂಬುದನ್ನೂ, ಅದನ್ನು ಛಾಯಾಚಿತ್ರದಲ್ಲಿ ಉಳಿಸುವಾಗ ಬಣ್ಣ ಮತ್ತು ವಿನ್ಯಾಸಗಳು ಅಲಂಕಾರವಲ್ಲ, ಸಾಕ್ಷ್ಯವೇ ಎಂಬುದನ್ನೂ ಗದಗ ಪ್ರಾಂತದ ಉದಾಹರಣೆಗಳಿಂದ ತೋರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಲಕ್ಷ್ಮೇಶ್ವರದ ಒಂದು ಕಂಬವನ್ನು ನೋಡಬಹುದು. ಪ್ರಾಚೀನ ಪುಲಿಗೆರೆ ಅಥವಾ ಪೊರಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಬಾದಾಮಿಯ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನ ಕಾಲದಲ್ಲಿ, ಸುಮಾರು ಕ್ರಿ. ಶ. 725ರಲ್ಲಿ, ಅಲ್ಲಿ ಕನ್ನಡದ ಶಾಸನವೊಂದನ್ನು ಕಂಬದ ಮೇಲೆ ಬರೆಯಿಸಲಾಯಿತು. ಎಲ್. ಡಿ. ಬಾರ್ನೆಟ್ ಪಂಡಿತರು ಇದನ್ನು ‘ಎಪಿಗ್ರಾಫಿಯಾ ಇಂಡಿಕಾ’ದ 14ನೆಯ ಸಂಪುಟದಲ್ಲಿ ಪ್ರಕಟಿಸಿದ್ದಾರೆ. ಇದರಲ್ಲಿ ಯುದ್ಧದ ವರ್ಣನೆಯೇ ಮುಖ್ಯವಲ್ಲ. ರಾಜಪುರುಷರು ಊರವರೊಡನೆ ನಡೆದುಕೊಳ್ಳಬೇಕಾದ ರೀತಿ, ಮಹಾಜನರೂ ಹದಿನೆಂಟು ಪ್ರಕೃತಿಗಳೂ ಅರಸನಿಗೆ ಸಲ್ಲಿಸಬೇಕಾದ ಮರ್ಯಾದೆ, ಮನೆಗಳ ಅಂತಸ್ತಿಗೆ ತಕ್ಕಂತೆ ತೆರಿಗೆ, ಇವೇ ಇದರ ವಿಷಯ. ಆ ಕಾಲದಲ್ಲಿ ಇದು ಊರಿನ ನಡುವೆ ನಿಲ್ಲಿಸಿದ ಒಂದು ಪ್ರಕಟಣೆಯ ಫಲಕವೇ ಆಗಿತ್ತು. ದಿನವೂ ಅದನ್ನು ದಾಟಿ ಹೋಗುತ್ತಿದ್ದ ಜನರಿಗೆ ಅದು ಚರಿತ್ರೆಯಾಗಿ ಕಂಡಿರಲಾರದು. ಸುಮಾರು ಹದಿಮೂರು ಶತಮಾನಗಳು ಕಳೆದ ಮೇಲೆ ಅದೇ ಬರಹವು ಕನ್ನಡ ನಾಡಿನ ಪೌರಜೀವನಕ್ಕೆ ಮುಖ್ಯ ಆಧಾರವಾಗಿ ನಿಂತಿದೆ. ಸಾಮಾನ್ಯವೆಂದು ತೋರುವ ಬರಹವು ಕಾಲಾಂತರದಲ್ಲಿ ಅಸಾಮಾನ್ಯವಾಗುವುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಶಿಲಾಶಾಸನಕ್ಕೆ ಒಂದು ವಿನ್ಯಾಸಕ್ರಮವೂ ಉಂಟು. ಕಲ್ಯಾಣದ ಚಾಲುಕ್ಯರ ಕಾಲದ ದಾನಶಾಸನಗಳನ್ನು ನೋಡಿದವರಿಗೆ ಇದು ತಿಳಿದ ಮಾತೇ. ಕಲ್ಲಿನ ನೆತ್ತಿಯಲ್ಲಿ ಸೂರ್ಯಚಂದ್ರರು. ಅವರ ಕೆಳಗೆ ಲಿಂಗ ಅಥವಾ ಜಿನಬಿಂಬ, ಕರುವಿಗೆ ಹಾಲೂಡಿಸುವ ಹಸು, ಖಡ್ಗ. ಅನಂತರ ಸಾಲುಸಾಲಾಗಿ ಅಕ್ಷರ. ಓದಲು ಬಾರದವನೂ ಮೇಲಣ ಚಿತ್ರವನ್ನು ನೋಡಿ, ಇದು ದಾನದ ಕಲ್ಲು, ಸೂರ್ಯಚಂದ್ರರಿರುವವರೆಗೂ ಇದನ್ನು ಅಳಿಯಬಾರದು ಎಂದು ತಿಳಿಯುತ್ತಿದ್ದನು. ಗದಗ, ಬೆಟಗೇರಿಗಳ ಹಳೆಯ ಅಂಗಡಿಯ ಹಲಗೆಗಳ ಬಂಧವೂ ಇದಕ್ಕೆ ದೂರವಾದುದಲ್ಲ. ನೆತ್ತಿಯಲ್ಲಿ ಮನೆದೇವರ ಹೆಸರು ಬರೆದು ‘ಪ್ರಸನ್ನ’ ಎಂಬ ಮಾತು. ನಡುವೆ ದೊಡ್ಡ ಅಕ್ಷರಗಳಲ್ಲಿ ಅಂಗಡಿಯ ಹೆಸರು. ಕೆಳಗೆ ಸಣ್ಣ ಅಕ್ಷರಗಳಲ್ಲಿ ಸರಕಿನ ಪಟ್ಟಿ. ಮೂಲೆಯಲ್ಲಿ ಬರೆದವನ ಅಂಕಿತ. ಮಂಗಳ, ವಿಷಯ, ವಿವರ, ಲಿಪಿಕಾರನ ಹೆಸರು ಎಂಬ ಈ ಕ್ರಮವು ಶಾಸನದ ಕ್ರಮವೇ. ಒಂದರಿಂದ ಇನ್ನೊಂದು ನೇರವಾಗಿ ಹುಟ್ಟಿತೆಂದು ಸಾಧಿಸುವುದು ಇಲ್ಲಿಯ ಅಭಿಪ್ರಾಯವಲ್ಲ. ಬಯಲಿನಲ್ಲಿ ನಿಲ್ಲುವ ಬರಹಕ್ಕೆ ಜನರು ನಿರೀಕ್ಷಿಸುವ ಅಂಗಗಳು ಬಹುಕಾಲ ಒಂದೇ ಆಗಿ ಉಳಿದಿವೆ ಎಂಬುದಿಷ್ಟೇ ಹೇಳಬೇಕಾದುದು.

ಇನ್ನು ಬಣ್ಣದ ವಿಚಾರ. ಚಿತ್ರವನ್ನು ನೋಡುವವರಲ್ಲಿ ಭೇದವುಂಟೆಂದು ವಿಷ್ಣುಧರ್ಮೋತ್ತರಪುರಾಣದ ಚಿತ್ರಸೂತ್ರವು ಹೇಳುತ್ತದೆ. ಆಚಾರ್ಯರು ರೇಖೆಯನ್ನು ಮೆಚ್ಚುವರು, ಸಾಮಾನ್ಯ ಜನರು ಬಣ್ಣದ ಸಮೃದ್ಧಿಯನ್ನು ಮೆಚ್ಚುವರು ಎಂಬುದು ಅದರ ತಾತ್ಪರ್ಯ. ಪಂಡಿತರು ಬರಹದ ಪಾಠವನ್ನಷ್ಟೇ ಹಿಡಿದು ಬಣ್ಣವನ್ನು ಬಿಟ್ಟುದಕ್ಕೆ ಈ ಮನೋಭಾವವೂ ಒಂದು ಕಾರಣವಾಗಿರಬಹುದು. ಆದರೆ ಕನ್ನಡ ನಾಡಿನ ಅರಸನೇ ಬಣ್ಣವನ್ನು ಶಾಸ್ತ್ರವಾಗಿ ಎಣಿಸಿದ್ದುಂಟು. ಕಲ್ಯಾಣದ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ, ಗೋಡೆಯನ್ನು ಸಿದ್ಧಪಡಿಸುವ ಬಗೆ, ಎಮ್ಮೆಯ ಚರ್ಮದಿಂದ ಕಾಯಿಸಿದ ವಜ್ರಲೇಪವೆಂಬ ಅಂಟು, ಶಂಖದ ಬಿಳಿ, ಜಾಜಿನ ಕೆಂಪು, ಹರಿತಾಳದ ಹಳದಿ, ಕಾಡಿಗೆಯ ಕಪ್ಪು, ಇವುಗಳ ಬೆರಕೆಯಿಂದ ಹುಟ್ಟುವ ಮಿಶ್ರವರ್ಣಗಳು, ಎಲ್ಲವೂ ಕ್ರಮವಾಗಿ ಹೇಳಲ್ಪಟ್ಟಿವೆ. ಗದಗ, ಲಕ್ಕುಂಡಿ, ಪುಲಿಗೆರೆಗಳು ಆ ಅರಸನ ಆಳ್ವಿಕೆಗೆ ಒಳಪಟ್ಟ ನೆಲವೇ. ಬಣ್ಣವು ಆ ನಾಡಿನಲ್ಲಿ ಪಾಮರರ ಪ್ರೀತಿ ಮಾತ್ರವಾಗಿರದೆ ಪಂಡಿತರ ವಿದ್ಯೆಯೂ ಆಗಿದ್ದಿತು.

ಇಂಥ ಬರಹಗಳನ್ನು ಪ್ರತಿಮಾಡಿಕೊಳ್ಳುವ ಸಾಧನಗಳು ಒಂದೊಂದು ಕಾಲಕ್ಕೆ ಒಂದೊಂದಾದುವು. ಪ್ರತಿಯೊಂದು ಸಾಧನವೂ ಒಂದು ಗುಣವನ್ನು ಉಳಿಸಿ ಇನ್ನೊಂದನ್ನು ಕಳೆಯಿತು. 1830ರ ದಶಕದ ಹೊತ್ತಿಗೆ ವಾಲ್ಟರ್ ಎಲಿಯಟ್ ಸಾಹೇಬರು ಕನ್ನಡ ನಾಡಿನ ನೂರಾರು ಶಾಸನಗಳನ್ನು ಕೈಬರಹದಲ್ಲಿ ಪ್ರತಿಮಾಡಿಸಿ ಸಂಗ್ರಹಿಸಿದರು. ಆ ಪ್ರತಿಗಳಲ್ಲಿ ಮಾತು ಉಳಿಯಿತು. ಅಕ್ಷರದ ಮೂಲರೂಪವು ಪ್ರತಿಕಾರನ ಕೈಯಲ್ಲಿ ಕಳೆದುಹೋಯಿತು. 1855ರಲ್ಲಿ ಮುಂಬಯಿ ಸರಕಾರವು ಕ್ಯಾಪ್ಟನ್ ಬಿಗ್ಸ್ ಎಂಬವರನ್ನು ಪ್ರಾಚೀನ ಕಟ್ಟಡಗಳ ಛಾಯಾಚಿತ್ರ ತೆಗೆಯುವುದಕ್ಕೆ ನಿಯಮಿಸಿತು. ಅವರ ತರುವಾಯ ಡಾಕ್ಟರ್ ಪಿಗೌ ಆ ಕೆಲಸವನ್ನು ಮುಂದುವರಿಸಿದರು. ಧಾರವಾಡ ಮತ್ತು ಮೈಸೂರು ಸೀಮೆಗಳ ಶಿಲ್ಪವನ್ನು ಕುರಿತ ಚಿತ್ರಗ್ರಂಥವು 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಅದಕ್ಕೆ ಮೆಡೋಸ್ ಟೇಲರ್ ಚರಿತ್ರೆಯನ್ನೂ, ಜೇಮ್ಸ್ ಫರ್ಗುಸನ್ ಶಿಲ್ಪದ ಟಿಪ್ಪಣಿಗಳನ್ನೂ ಬರೆದರು. ಇದೇ ಸೀಮೆಗಳ ಶಾಸನಗಳ ಛಾಯಾಚಿತ್ರಗಳೂ ಅದೇ ವರ್ಷ ಟಿ. ಸಿ. ಹೋಪ್ ಅವರ ಸಂಪಾದಕತ್ವದಲ್ಲಿ ಹೊರಬಂದುವು. 1878ರಲ್ಲಿ ಜೆ. ಎಫ್. ಫ್ಲೀಟ್ ಅವರ ಪಾಲಿ, ಸಂಸ್ಕೃತ, ಹಳಗನ್ನಡ ಶಾಸನಗಳ ಸಂಗ್ರಹವು ಇದನ್ನು ಇನ್ನಷ್ಟು ವಿಸ್ತರಿಸಿತು. ಈಗ ಮಾತಿನೊಡನೆ ಅಕ್ಷರದ ಆಕಾರವೂ ಉಳಿಯಿತು.

ಆದರೆ ಆ ಕಾಲದ ಛಾಯಾಚಿತ್ರವು ಬಣ್ಣಗುರುಡು. ಬೆಳ್ಳಿಯ ಲವಣಗಳು ನೀಲಿ ಮತ್ತು ನೇರಿಳೆಯ ಬೆಳಕಿಗೆ ಮಾತ್ರ ಚೆನ್ನಾಗಿ ಸ್ಪಂದಿಸುತ್ತಿದ್ದುವು. ಕೆಂಪು, ಹಳದಿಗಳು ಅವುಗಳಿಗೆ ಕತ್ತಲೆಯೇ. ಆ ಚಿತ್ರಗಳಲ್ಲಿ ನೀಲಾಕಾಶವು ಬರಿಯ ಬಿಳಿಯಾಗಿ ಕಾಣುವುದು ಇದರಿಂದಲೇ. ಅಂಥ ಫಲಕದ ಮುಂದೆ ಹಳದಿಯ ನೆಲದ ಮೇಲೆ ಕಪ್ಪಿನಿಂದ ಬರೆದ ಹಲಗೆಯನ್ನಿಟ್ಟರೆ ನೆಲವೂ ಅಕ್ಷರವೂ ಒಂದೇ ಕತ್ತಲಾಗುವುವು. ಬಿಳಿಯ ನೆಲದ ಮೇಲಣ ನೀಲಿ ಅಕ್ಷರವು ನೆಲದಲ್ಲಿಯೇ ಕರಗುವುದು. 1873ರಲ್ಲಿ ಜರ್ಮನಿಯ ವೋಗೆಲ್ ಎಂಬ ವಿಜ್ಞಾನಿಯು ಬಣ್ಣವನ್ನು ಬೆರಸಿ ಫಲಕಗಳ ದೃಷ್ಟಿಯನ್ನು ವಿಸ್ತರಿಸುವ ಮಾರ್ಗವನ್ನು ಕಂಡುಹಿಡಿದನು. 1907ರಲ್ಲಿ ಫ್ರಾನ್ಸಿನ ಲ್ಯೂಮಿಯೇರ್ ಸೋದರರ ವರ್ಣಫಲಕಗಳು ಮಾರಾಟಕ್ಕೆ ಬಂದುವು. ಅಷ್ಟರೊಳಗೆ ಶಾಸನಶಾಸ್ತ್ರಜ್ಞರು ಪಡಿಯಚ್ಚಿಗೆ ಒಗ್ಗಿಹೋಗಿದ್ದರು. ತೋಯಿಸಿದ ಕಾಗದವನ್ನು ಕಲ್ಲಿಗೆ ಹಚ್ಚಿ, ಕುಂಚದಿಂದ ಬಡಿದು, ಅದರ ಮೇಲೆ ಮಸಿಯನ್ನು ತಟ್ಟಿದರೆ ಕೊರೆದ ಅಕ್ಷರಗಳು ಬಿಳಿಯಾಗಿಯೂ ಉಳಿದ ನೆಲವು ಕಪ್ಪಾಗಿಯೂ ಮೂಡುವುವು. ಓದುವುದಕ್ಕೆ ಇದಕ್ಕಿಂತ ಉತ್ತಮ ಸಾಧನವಿಲ್ಲ. ಆದರೆ ಕಲ್ಲಿನ ಬಣ್ಣ, ಅದು ನಿಂತ ಸ್ಥಳ, ಅದರ ಸುತ್ತಣ ಊರು, ಇವಾವುವೂ ಪಡಿಯಚ್ಚಿನಲ್ಲಿ ಬರುವುದಿಲ್ಲ. ‘ಈ ಕಲ್ಲಿನಿಂದ ಮೂಡಲು’ ಎಂದು ಎಲ್ಲೆಯನ್ನು ಹೇಳುವ ಶಾಸನವನ್ನು ಎತ್ತಿ ತಂದು ಬೇರೊಂದು ಅಂಗಳದಲ್ಲಿ ನಿಲ್ಲಿಸಿದರೆ ಆ ಮೂಡಲೆಲ್ಲಿ?

ಮಾತು ಒಂದನ್ನು ಹೇಳಿ ರೂಪವು ಇನ್ನೊಂದನ್ನು ಹೇಳುವ ಸಂದರ್ಭಗಳೂ ಉಂಟು. ಇದಕ್ಕೆ ಕುರ್ತಕೋಟಿಯ ಹೆಸರಿನ ತಾಮ್ರಶಾಸನವೇ ಸಾಕ್ಷಿ. ಚಾಲುಕ್ಯ ಒಂದನೆಯ ವಿಕ್ರಮಾದಿತ್ಯನ ದಾನವೆಂದು ಹೇಳಿಕೊಳ್ಳುವ ಈ ಪಟಗಳನ್ನು ಫ್ಲೀಟ್ ಅವರು ‘ಇಂಡಿಯನ್ ಆಂಟಿಕ್ವೆರಿ’ಯ ಏಳನೆಯ ಸಂಪುಟದಲ್ಲಿ ಪ್ರಕಟಿಸಿದರು. ವಂಶಾವಳಿಯುಂಟು, ಬಿರುದುಗಳುಂಟು, ಶಕವರ್ಷವುಂಟು. ಆದರೆ ಆ ಶಕವರ್ಷವು ವಿಕ್ರಮಾದಿತ್ಯನ ಆಳ್ವಿಕೆಗೆ ಹೊಂದುವುದಿಲ್ಲ. ಅಕ್ಷರಗಳ ಆಕಾರವೋ ಅವನ ಕಾಲಕ್ಕಿಂತ ಬಹಳ ಈಚಿನದು. ಆದುದರಿಂದ ಇದು ಕೂಟಶಾಸನಗಳ ವರ್ಗಕ್ಕೆ ಸೇರಿತು. ಎಲಿಯಟ್ಟರ ಪ್ರತಿಗಳಂತೆ ಇದರ ಪಾಠ ಮಾತ್ರ ಉಳಿದು ಪಟಗಳು ಕಳೆದುಹೋಗಿದ್ದರೆ, ಕಾಲದ ತೊಡಕನ್ನು ಪ್ರತಿಕಾರನ ತಪ್ಪೆಂದು ತಿದ್ದಿ, ದಾನವನ್ನು ನಿಜವೆಂದು ನಂಬಲು ಅವಕಾಶವಿರುತ್ತಿತ್ತು. ಮಾತನ್ನು ಕಟ್ಟಿದವನು ಅಕ್ಷರದ ಆಕಾರದಲ್ಲಿ ತನ್ನ ಕಾಲವನ್ನು ಬಚ್ಚಿಡಲಾರದೆ ಹೋದನು. ರೂಪವನ್ನು ಉಳಿಸುವುದೆಂದರೆ ಸತ್ಯಪರೀಕ್ಷೆಯ ಸಾಧನವನ್ನು ಉಳಿಸುವುದೆಂದು ಇದರಿಂದ ಸಿದ್ಧವಾಗುತ್ತದೆ.

ಈ ನ್ಯಾಯವನ್ನೇ ಇಂದಿನ ಹಲಗೆಗೆ ಅನ್ವಯಿಸಬಹುದು. ಕುರ್ತಕೋಟಿಯಂಥ ಊರಿನ ಒಂದು ಹಲಗೆಯಲ್ಲಿ ಊರಿನ ಹೆಸರಿನ ಕೆಳಗೆ ‘ತಾ|| ಗದಗ, ಜಿ|| ಧಾರವಾಡ’ ಎಂದಿದ್ದರೆ ಆ ಪಾಠವು 1997ಕ್ಕೆ ಹಿಂದಿನದು. ಏಕೆಂದರೆ ಗದಗವು ಪ್ರತ್ಯೇಕ ಜಿಲ್ಲೆಯಾದುದು ಆ ವರ್ಷದಲ್ಲಿ. ‘ಮೈಸೂರು ರಾಜ್ಯ’ವೆಂದಿದ್ದರೆ 1956ರ ಏಕೀಕರಣಕ್ಕೂ 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದುದಕ್ಕೂ ನಡುವಣದು. ಅಂಚೆಯ ಪಿನ್ ಸಂಖ್ಯೆಯಿದ್ದರೆ 1972ಕ್ಕೆ ಈಚಿನದು. ಹುಬ್ಬಳ್ಳಿಯ ಇಂಗ್ಲಿಷ್ ಹೆಸರನ್ನು ‘ಹುಬ್ಳಿ’ ಎಂಬ ಹಳೆಯ ಕಾಗುಣಿತದಲ್ಲಿ ಬರೆದಿದ್ದರೆ, ಸರಕಾರವು ಊರುಗಳ ಹೆಸರನ್ನು ತಿದ್ದಿದ 2014ಕ್ಕೆ ಹಿಂದಿನದಾಗಿರುವುದು ಸಂಭವ. ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರವು ಮಿರಜ ಸಂಸ್ಥಾನಕ್ಕೂ ಸೇರಿದ್ದುವು. ಆದುದರಿಂದ ಆ ಊರುಗಳ ಹಳೆಯ ಬರಹಗಳಲ್ಲಿ ಮರಾಠಿಯ ಪಾಲೆಷ್ಟು, ಕನ್ನಡದ ಪಾಲೆಷ್ಟು ಎಂಬುದು ಆಡಳಿತದ ಚರಿತ್ರೆಯೂ ಆಗುತ್ತದೆ.

ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ಹಲಗೆಯ ಬಣ್ಣ ಮಾಸಿದಾಗ ಯಜಮಾನನು ಹಳೆಯ ಪಾಠವನ್ನೇ ಹೊಸದಾಗಿ ಬರೆಯಿಸುವುದುಂಟು. 2005ರಲ್ಲಿ ಬರೆದ ಹಲಗೆಯು ಧಾರವಾಡ ಜಿಲ್ಲೆಯೆಂದೇ ಹೇಳಬಹುದು. ಇದು ಕಪಟವಲ್ಲ, ರೂಢಿಯ ನಿಷ್ಠೆ. ಆದರೂ ಚರಿತ್ರಕಾರನಿಗೆ ಕುರ್ತಕೋಟಿಯ ಪಟಗಳು ತಂದೊಡ್ಡಿದ ತೊಡಕೇ ಇಲ್ಲಿಯೂ ಎದುರಾಗುವುದು. ಪಾಠವೊಂದು ಕಾಲ, ಲಿಪಿಯೊಂದು ಕಾಲ. ಇದನ್ನು ಬಿಡಿಸುವುದು ಅಕ್ಷರದ ತಿರುವು, ನೆಲದ ಬಣ್ಣ, ಚಕ್ಕೆ ಎದ್ದ ಕಡೆ ಇಣುಕುವ ಕೆಳಗಣ ಲೇಪ, ಇವುಗಳಿಂದ ಮಾತ್ರ.

ಕನ್ನಡದ ಅಕ್ಷರವು ಹಲಗೆಯ ವಿನ್ಯಾಸವನ್ನು ತಾನೇ ನಿರ್ಧರಿಸುತ್ತದೆಂಬುದೂ ಗಮನಾರ್ಹ. ಇಂಗ್ಲಿಷಿನ ದೊಡ್ಡ ಅಕ್ಷರಗಳು ಎರಡು ಗೆರೆಗಳ ನಡುವೆ ಸಮನಾಗಿ ನಿಲ್ಲುವುವು. ಕನ್ನಡದಲ್ಲಿ ತಲೆಕಟ್ಟು ಮತ್ತು ಗುಡಿಸು ಮೇಲೇರುವುವು. ಕೊಂಬು ಬಲಕ್ಕೆ ಚಾಚುವುದು. ಒತ್ತಕ್ಷರವು ಕೆಳಗೆ ಇಳಿದು ಮುಂದಿನ ಸಾಲಿನ ಜಾಗವನ್ನು ಬೇಡುವುದು. ಕೈಯಿಂದ ಬರೆಯುವ ಪೇಂಟರು ತಗಡಿನ ಮೇಲೆ ಸೀಮೆಸುಣ್ಣ ಸವರಿದ ದಾರವನ್ನು ಎಳೆದು ಗೆರೆ ಹೊಡೆದು, ಒತ್ತಕ್ಷರಗಳಿಗೆ ಮೊದಲೇ ಸ್ಥಳವನ್ನು ಎಣಿಸಿಕೊಂಡು, ಆಮೇಲೆ ಬಣ್ಣಕ್ಕೆ ಕೈಯಿಕ್ಕುವರು. ಸ್ಥಳ ಸಾಲದೆ ಹೋದರೆ ಒತ್ತನ್ನು ಪಕ್ಕದ ಅಕ್ಷರದ ಹೊಟ್ಟೆಯ ಕೆಳಗೆ ತಿರುಗಿಸುವ ಜಾಣ್ಮೆಯೂ ಅವರಲ್ಲುಂಟು. ಗದಗವು ಮುದ್ರಣಕಾಶಿಯೆಂದು ಹೆಸರಾದ ಊರು. ಅಚ್ಚಿನ ಮೊಳೆಯಲ್ಲಿ ಅಕ್ಷರದ ಆಕಾರ ಒಂದೇ. ಪೇಂಟರನ ಕೈಯಲ್ಲಿ ಅದು ಹಲಗೆಯ ಅಳತೆಗೆ ತಕ್ಕಂತೆ ಹಿಗ್ಗುವುದು, ಕುಗ್ಗುವುದು. ಒಂದೇ ಪೇಟೆಯಲ್ಲಿ ಈ ಎರಡು ವಿದ್ಯೆಗಳೂ ಪರಸ್ಪರ ನೋಡುತ್ತ ಬೆಳೆದುದರಿಂದ ಆ ಪ್ರಾಂತದ ಹಲಗೆಗಳು ಲಿಪಿಯ ಅಭ್ಯಾಸಿಗೆ ವಿಶೇಷವಾಗಿ ಉಪಯುಕ್ತವಾಗಿವೆ.

ಬಣ್ಣಕ್ಕೆ ಅರ್ಥವುಂಟೆಂಬುದಕ್ಕೆ ದಾರಿಯ ಕಲ್ಲುಗಳೇ ಸಾಕ್ಷಿ. ರಾಷ್ಟ್ರೀಯ ಹೆದ್ದಾರಿಯ ಕಲ್ಲಿನ ನೆತ್ತಿ ಹಳದಿ, ರಾಜ್ಯ ಹೆದ್ದಾರಿಯದು ಹಸುರು. ರೈಲು ನಿಲ್ದಾಣದ ಹಳದಿ ಹಲಗೆಯ ಮೇಲಣ ಕಪ್ಪು ಅಕ್ಷರಗಳು ಓಡುವ ಬಂಡಿಯಿಂದಲೂ ಕಾಣಲೆಂದು ಬಂದುವು. 1960ರ ದಶಕದಲ್ಲಿ ಮ. ರಾಮಮೂರ್ತಿಯವರು ರೂಪಿಸಿದ ಕನ್ನಡದ ಬಾವುಟವು ಹಬ್ಬಿದ ಮೇಲೆ ಹಳದಿ ಕೆಂಪುಗಳ ಜೋಡಿಗೆ ನಾಡಿನ ಅಭಿಮಾನವೆಂಬ ಹೊಸ ಅರ್ಥವೊಂದು ಕೂಡಿತು. ಅದಕ್ಕೆ ಮೊದಲು ಆ ಜೋಡಿಯು ಅರಿಸಿನ ಕುಂಕುಮಗಳ ಮಂಗಳವನ್ನು ಸೂಚಿಸುತ್ತಿದ್ದಿತು. ಆದುದರಿಂದ ಹಳದಿಯ ನೆಲದ ಮೇಲೆ ಕೆಂಪಕ್ಷರವಿರುವ ಹಲಗೆಯ ಅಭಿಪ್ರಾಯವೇನೆಂಬುದು ಅದರ ಕಾಲವನ್ನು ಅವಲಂಬಿಸುವುದು. ಕಪ್ಪುಬಿಳುಪಿನ ಚಿತ್ರದಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಏಳದ ಪ್ರಶ್ನೆಗೆ ಉತ್ತರವೂ ದೊರೆಯದು.

ಈಗ ಈ ಹಲಗೆಗಳು ಬೇಗಬೇಗನೆ ಮರೆಯಾಗುತ್ತಿವೆ. ಯಂತ್ರದಿಂದ ಮುದ್ರಿಸಿದ ಫ್ಲೆಕ್ಸ್ ಹಾಳೆಯು ಕೈಬರಹಕ್ಕಿಂತ ಅಗ್ಗ, ಒಂದೇ ದಿನದಲ್ಲಿ ಸಿದ್ಧ. 2016ರಲ್ಲಿ ಕರ್ನಾಟಕ ಸರಕಾರವು ಪ್ಲಾಸ್ಟಿಕ್ಕಿನ ಫ್ಲೆಕ್ಸುಗಳನ್ನು ನಿಷೇಧಿಸಿದರೂ ಕುಂಚದ ಕಾಲವು ಮರಳಿ ಬರಲಿಲ್ಲ. 2024ರಲ್ಲಿ ತಿದ್ದುಪಡಿಯಾದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮವು ನಾಮಫಲಕದ ಮೇಲ್ಭಾಗದಲ್ಲಿ ಶೇಕಡ 60ರಷ್ಟು ಕನ್ನಡವಿರಬೇಕೆಂದು ವಿಧಿಸಿದೆ. ಈ ವಿಧಿಯು ಉಚಿತವೇ. ವಿನ್ಯಾಸದಲ್ಲಿ ಭಾಷೆಯ ಸ್ಥಾನಮಾನವು ಅಡಗಿದೆಯೆಂದು ರಾಜ್ಯವೇ ಒಪ್ಪಿಕೊಂಡಂತಾಯಿತು. ಆದರೆ ಅದನ್ನು ಪಾಲಿಸುವುದಕ್ಕಾಗಿ ಅಂಗಡಿಯವರು ಹಳೆಯ ಹಲಗೆಗಳನ್ನು ಇಳಿಸಿ ಹೊಸದನ್ನು ಏರಿಸುವಾಗ ಕನ್ನಡದ ಕೈಬರಹವೂ ಗುಜರಿಗೆ ಹೋಗುವ ಭಯವಿದೆ. ಕನ್ನಡವು ಹಲಗೆಯನ್ನೇರುವ ದಿನವೇ ಕನ್ನಡದ ಲಿಪಿಚರಿತ್ರೆಯ ಒಂದು ಅಧ್ಯಾಯವು ಕೆಳಗಿಳಿಯಬಾರದು.

ಪ್ಯಾರಿಸಿನಲ್ಲಿ ಯೂಜೀನ್ ಅಟ್ಜೆ ಎಂಬ ಛಾಯಾಗ್ರಾಹಕನು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಹಳೆಯ ಅಂಗಡಿಗಳ ಗುರುತುಗಳನ್ನು ಒಂದೊಂದಾಗಿ ಚಿತ್ರಿಸಿ ಅಲ್ಲಿಯ ಗ್ರಂಥಾಲಯಗಳಿಗೂ ವಸ್ತುಸಂಗ್ರಹಾಲಯಗಳಿಗೂ ಮಾರಿದನು. ಅವನು ತೆಗೆದುದರಲ್ಲಿ ಎಷ್ಟೋ ಬೀದಿಗಳು ಅನಂತರ ಇಲ್ಲವಾದುವು. ಚಿತ್ರಗಳು ಆ ನಗರದ ಚರಿತ್ರೆಗೆ ಆಧಾರವಾದುವು. ಗದಗ ಪ್ರಾಂತದಲ್ಲಿ ಈ ಕೆಲಸಕ್ಕೆ ದೊಡ್ಡ ಯಂತ್ರವೂ ಬೇಡ. ಇಂದು ಪ್ರತಿಯೊಬ್ಬ ವಿದ್ಯಾರ್ಥಿಯ ಕೈಯಲ್ಲಿರುವ ಮೊಬೈಲೇ ಸಾಕು. ಬೇಕಾದುದು ಕ್ರಮ.

ಕ್ರಮವೆಂತೆಂದರೆ: ಒಂದು ಹಲಗೆಗೆ ಮೂರು ಚಿತ್ರಗಳಾದರೂ ಅವಶ್ಯ. ಎದುರಿಗೆ ನಿಂತು, ಓರೆಯಾಗದಂತೆ, ಹಲಗೆಯ ನಾಲ್ಕು ಅಂಚುಗಳೂ ಬರುವಂತೆ ಒಂದು. ಅಕ್ಷರದ ತಿರುವು, ಬಣ್ಣದ ಪದರ, ಬರೆದವನ ಅಂಕಿತ ಕಾಣುವಂತೆ ಹತ್ತಿರದಿಂದ ಇನ್ನೊಂದು. ಬಾಗಿಲು, ಗೋಡೆ, ನೆರೆಯ ಹಲಗೆಗಳು, ಬೀದಿ ಎಲ್ಲವೂ ಬರುವಂತೆ ದೂರದಿಂದ ಮತ್ತೊಂದು. ಕೊರೆದ ಅಕ್ಷರಕ್ಕೆ ಬೆಳಗಿನ ಅಥವಾ ಸಂಜೆಯ ಓರೆಬಿಸಿಲು ಉತ್ತಮ. ಏಕೆಂದರೆ ನೆರಳೇ ಅಲ್ಲಿ ಗೆರೆಯನ್ನು ತೋರಿಸುವುದು. ಬಣ್ಣದಿಂದ ಬರೆದುದಕ್ಕೆ ಅದು ಹೊಂದದು. ಎಣ್ಣೆಬಣ್ಣದ ಹೊಳಪು ಅಕ್ಷರವನ್ನು ನುಂಗುವುದರಿಂದ ಮೋಡ ಕವಿದ ಬೆಳಕೋ ಸಮವಾದ ನೆರಳೋ ಮೇಲು. ಒಂದೇ ಹಳದಿಯು ಬಿಸಿಲಿನಲ್ಲಿ ಒಂದು ಬಗೆ, ನೆರಳಿನಲ್ಲಿ ಇನ್ನೊಂದು ಬಗೆಯಾಗಿ ಕಾಣುವುದು. ಯಂತ್ರವು ತಾನಾಗಿಯೇ ಬಣ್ಣವನ್ನು ತಿದ್ದುವುದೂ ಉಂಟು. ಆದುದರಿಂದ ಒಂದು ಚಿತ್ರದಲ್ಲಿ ಹಲಗೆಯ ಪಕ್ಕಕ್ಕೆ ಬಿಳಿ ಮತ್ತು ಬೂದುಬಣ್ಣದ ಕಾಗದವನ್ನಿಟ್ಟರೆ ಮುಂದೆ ಬಣ್ಣವನ್ನು ಅಳೆಯುವುದಕ್ಕೆ ಆಧಾರವಾಗುವುದು. ಊರು, ಬೀದಿ, ದಿನಾಂಕ, ಹಲಗೆಯ ಅಳತೆ, ಬರೆದವನ ವಿಚಾರವಾಗಿ ಯಜಮಾನನು ಹೇಳಿದ ಮಾತು, ಇವನ್ನು ಚಿತ್ರದೊಡನೆ ಬರೆದಿಡಬೇಕು. ಚಿತ್ರವು ಚೆಲುವಾಗಲೆಂದು ಪಕ್ಕದ ತಂತಿಯನ್ನೋ ಹರಿದ ಜಾಹೀರಾತನ್ನೋ ಕತ್ತರಿಸಿ ಹಾಕುವುದು ತಾಮ್ರಪಟದ ಅಂಚನ್ನು ಉಜ್ಜಿ ನಯಗೊಳಿಸಿದಂತೆ.

ಇಷ್ಟು ಅಲ್ಪ ವಸ್ತುವಿಗೆ ಇಷ್ಟು ಶ್ರಮವೇಕೆಂದು ಕೆಲವರು ಕೇಳಬಹುದು. ಅಂಗಡಿಯ ಹಲಗೆಯಲ್ಲಿ ವಂಶಾವಳಿಯಿಲ್ಲ, ಕಾವ್ಯಗುಣವಿಲ್ಲ ಎಂಬುದು ನಿಜವೇ. ಆದರೆ ಪೊರಿಗೆರೆಯ ಕಂಬದಲ್ಲಿಯೂ ಇದ್ದುದು ಮನೆ, ತೆರಿಗೆ, ಊರವರ ನಡವಳಿಕೆಗಳೇ. ಯಾವ ಬರಹವು ಮುಂದೆ ಪ್ರಮಾಣವಾಗುವುದೆಂದು ಅದರ ಸಮಕಾಲೀನರು ನಿರ್ಣಯಿಸಲಾರರು. ಅದನ್ನು ಸಾಂಗವಾಗಿ ಉಳಿಸುವುದಷ್ಟೇ ಅವರ ಹೊಣೆ. ಕುರ್ತಕೋಟಿಯ ಹೆಸರನ್ನು ಹೊತ್ತ ತಾಮ್ರಪಟಗಳ ಮಾತು ಸುಳ್ಳಾದರೂ ಅಕ್ಷರವು ನಿಜವನ್ನೇ ನುಡಿಯಿತು. ಇಂದು ಅದೇ ಊರಿನ ಬೀದಿಯಲ್ಲಿ ಕೈಬರಹದ ಹಲಗೆಯೊಂದು ಉಳಿದಿದ್ದರೆ, ಅದರ ಮಾತಿನೊಡನೆ ಅಕ್ಷರವೂ, ಅಕ್ಷರದೊಡನೆ ಬಣ್ಣವೂ, ಬಣ್ಣದೊಡನೆ ಅದು ತೂಗುವ ಗೋಡೆಯೂ ಮುಂದಿನವರಿಗೆ ದೊರೆಯಬೇಕು. ಗೋಡೆಗೆ ಸುಣ್ಣ ಬಳಿಯುವ ಮುಂದಿನ ಹಬ್ಬಕ್ಕೆ ಮೊದಲೇ ಆ ಕೆಲಸವು ನಡೆಯುವುದು ಮೇಲು.